ಕಾಟುಮಾವಿನ ಮೂರು ಕ್ಲೇಮುಗಳು

ವಿಮೆಯ ಅರ್ಜಿಯಲ್ಲಿ ‘ಘಟನೆಯ ವಿವರ’ ಎಂದು ನಾಲ್ಕು ಗೆರೆ ಖಾಲಿ ಬಿಟ್ಟಿರುತ್ತಾರೆ. ಹೆಸರು, ವಿಳಾಸದವರೆಗೆ ಬಿಗಿಯಾಗಿ ಕುಳಿತ ಮನುಷ್ಯ ಅಲ್ಲಿಗೆ ಬಂದೊಡನೆ ಕತೆ ಹೇಳತೊಡಗುತ್ತಾನೆ. ಇದು ನನಗೆ ತಿಳಿದದ್ದು ಅರುವತ್ತು ದಾಟಿದ ಮೇಲೆ, ಒಂದು ಕಾಟುಮಾವಿನ, ಅಂದರೆ ಕಾಡುಮಾವಿನ, ಮರದ ದೆಸೆಯಿಂದ.

ಕೂಳೂರಿನಲ್ಲಿ ನಾವಿರುವುದು ನನ್ನ ಹೆಂಡತಿ ಸುಮತಿಗೆ ಸೋದರಮಾವನಿಂದ ಬಂದ ಹೆಂಚಿನ ಮನೆ. ಮಲಗುವ ಕೋಣೆಯ ಮೇಲೆ ಆ ಮರದ ದೊಡ್ಡ ಕೊಂಬೆ ಚಾಚಿಕೊಂಡಿದೆ. ಅದು ಯಾವತ್ತು ತಲೆಯ ಮೇಲೆ ಬೀಳುತ್ತದೋ ಎಂದು ಅವಳಿಗೆ ಭಯ. ಕಡಿಯಲು ಅರಣ್ಯ ಇಲಾಖೆಯವರ ಅನುಮತಿ ಕೇಳಿದರೆ, ಮರ ಹಿಂದೆ ಹಾನಿ ಮಾಡಿದ್ದಕ್ಕೆ ದಾಖಲೆ ತನ್ನಿ ಎಂದರು. ಮರದ ನಡತೆಗೆ ಪ್ರಮಾಣಪತ್ರ ಕೊಡುವವರು ಯಾರು? ಫಳ್ನೀರಿನ ವಿಮಾ ಕಚೇರಿಗೆ ಅಲೆದೆ.

ಅಲ್ಲಿ ಕಡತ ನೋಡಿಕೊಳ್ಳುವ ಜಲಜಕ್ಕ ಎರಡು ವಾರ ಧೂಳು ಕುಡಿದು ಇದೇ ಮನೆಯ ಮೂರು ಹಳೆಯ ಕ್ಲೇಮು ಹುಡುಕಿ ಕೊಟ್ಟರು. ಒಂದು ಸೋದರಮಾವನದು, ಒಂದು ಬಾಡಿಗೆಗಿದ್ದ ಮೇಷ್ಟ್ರದು, ಒಂದು ನನ್ನ ಅತ್ತೆಯದು. ಹೆಂಚು, ಕಪಾಟು, ಮಂಚ ಪುಡಿ, ಯಾರಿಗೂ ಗಾಯವಿಲ್ಲ. ಕೈಬರಹ ಬೇರೆ, ಕಾಲ ಬೇರೆ. ವಿವರ ಮಾತ್ರ ಒಂದೇ: ಮಧ್ಯಾಹ್ನ ಮಲಗಿದ್ದೆ, ಅಂಗಳದಿಂದ ಯಾರೋ ಒಂದು ಸಲ ಹೆಸರು ಹಿಡಿದು ಕರೆದರು, ಹೊರಗೆ ಬಂದರೆ ಯಾರೂ ಇಲ್ಲ, ಅಷ್ಟರಲ್ಲಿ ಕೊಂಬೆ ಬಿತ್ತು.

“ಒಂದೇ ಸಲ ಕರೆದ್ರೆ ಓಗೊಡ್ಲಿಕ್ಕಿಲ್ಲ ಅಂತ ನಮ್ಮಲ್ಲಿ ಉಂಟಲ್ಲ ಮಾರಾಯ್ರೆ,” ಎಂದರು ಜಲಜಕ್ಕ. “ಇವರೆಲ್ಲ ಎಂತಕ್ಕೆ ಎದ್ದು ಹೋದ್ರು?”

ಊರಿನ ನಿಯಮ ಹೌದು. ಮನುಷ್ಯರಾದರೆ ಇನ್ನೊಮ್ಮೆ ಕರೆಯುತ್ತಾರೆ. ಒಂದೇ ಸಲ ಕರೆದು ಸುಮ್ಮನಾಗುವುದು ಮನುಷ್ಯರಲ್ಲ. ಇದನ್ನೆಲ್ಲ ನಾನು ನಂಬುವುದಿಲ್ಲ, ಆದರೆ ಪಾಲಿಸುತ್ತೇನೆ. ಸುಮತಿಯೂ ಹಾಗೆಯೇ. ನಮ್ಮ ಮನೆಯಲ್ಲಿ ಊಟಕ್ಕೂ ಎರಡು ಸಲ ಕರೆಯಬೇಕು.

ಸಂಜೆ ಮನೆಗೆ ಬಂದಾಗ ಅವಳು ಅದೇ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದಳು. ಗೆದ್ದ ಉತ್ಸಾಹದಲ್ಲಿ ಮೂರನ್ನೂ ಓದಿ ಹೇಳಿದೆ. ಅವಳ ಕೈ ನಿಂತಿತು.

“ಮಧ್ಯಾಹ್ನ ಅಂಗಳದಿಂದ ನನ್ನನ್ನು ಕರೆದದ್ದು ನೀವಲ್ವಾ?”

“ನಾನು ಫಳ್ನೀರಿನಲ್ಲಿದ್ದೆನಲ್ಲ!”

“ಇನ್ನೊಮ್ಮೆ ಕರೀಲಿ ಅಂತ ನಾನು ಮಲಗಿಯೇ ಇದ್ದೆ.”

ಇಬ್ಬರೂ ತಲೆಯೆತ್ತಿದೆವು. ಗಾಜಿನ ಹೆಂಚಿನ ಮೇಲೆ ಕೊಂಬೆಯ ನೆರಳು ಒಂದಿಷ್ಟೂ ಅಲುಗದೆ ನಿಂತಿತ್ತು. ನನಗೆ ಹೆದರಿಕೆಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಮಧ್ಯಾಹ್ನದಿಂದ ಯಾರೋ ಅದನ್ನು ನಮಗಾಗಿ ಹಿಡಿದುಕೊಂಡು ನಿಂತಿದ್ದರೆ, ಅವರ ಕೈ ಎಷ್ಟು ಸೋತಿರಬೇಕು!

ಸುಮತಿಯನ್ನು ಎಳೆದುಕೊಂಡು ಅಂಗಳಕ್ಕೆ ಬಂದೆ. ಮರದ ಕಡೆ ತಿರುಗಿ, ನೆರೆಯವರು ಕೇಳಿಸಿಕೊಂಡರೂ ಚಿಂತೆಯಿಲ್ಲವೆಂದು ಗಟ್ಟಿಯಾಗಿ ಹೇಳಿದೆ:

“ಓ! ಇಬ್ಬರೂ ಹೊರಗೆ ಬಂದಿದ್ದೇವೆ. ಇನ್ನು ಬಿಡಬಹುದು.”