ಎಡ ಭುಜ ತಗ್ಗಿದ ಕುರ್ತಾ

ಮದರಾಸಿನ ನುಂಗಂಬಾಕ್ಕಂನ ಆ ಬುಟೀಕು ಹಳೆಯ ಬಂಗಲೆಯೊಂದರ ಮುಂದಿನ ಹಜಾರದಲ್ಲಿತ್ತು. ಒಡತಿಯೇ ನಮೂನೆ ಬರೆದು ಹಿಂದಿನ ಕೋಣೆಯ ಟೈಲರಿಂದ ಹೊಲಿಸುತ್ತಿದ್ದಳು. ಒಂದು ನಮೂನೆಗೆ ಒಂದೇ ಉಡುಪು. ತಮಿಳರ ಆಡಿ ತಿಂಗಳಲ್ಲಿ, ಅಂದರೆ ನಮ್ಮ ಆಷಾಢದ ಹೊತ್ತಿಗೆ, ಅರ್ಧ ಬೆಲೆಯ ಸೇಲ್. ಎಂಬತ್ತರ ದಶಕದ ಆರಂಭ. ನಾನು ಕಾಲೇಜಿನ ಡಿಬೇಟ್ ತಂಡದಲ್ಲಿದ್ದೆ.

"ಪೂರ್ತಿ ಬೆಲೆ ಇಟ್ಟೋರು ಅವರೇ, ಅರ್ಧಕ್ಕಿಳಿಸಿದೋರೂ ಅವರೇ. ಲಾಭ ನಮಗೆ ಹೇಗಮ್ಮ?" ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾದಿಸಿದ್ದೆ.

"ಹಾಗಾದ್ರೆ ಇಳ್ಕೊಂಡು ವಾಪಸ್ ಹೋಗು" ಎಂದಳು ಅಮ್ಮ. ನಾನು ಇಳಿಯಲಿಲ್ಲ.

ನಮ್ಮದು ಮೈಸೂರು ಕಡೆಯ ಮನೆ. ಮದರಾಸಿನಲ್ಲಿ ಕನ್ನಡ ನಮಗೆ ಮನೆಮಾತಷ್ಟೇ ಅಲ್ಲ, ಪರದೆಯೂ ಆಗಿತ್ತು. ಅಂಗಡಿಯವನ ಎದುರೇ ಅವನ ಸರಕನ್ನು ಹಳಿಯಬಹುದು, ಬಸ್ಸಿನಲ್ಲಿ ಪಕ್ಕದವರ ಮೂಗಿನ ಬಗ್ಗೆ ತೀರ್ಪು ಕೊಡಬಹುದು, ಯಾರಿಗೂ ತಿಳಿಯದು.

ಸೇಲಿನ ರಾಶಿಯಲ್ಲಿ ನೀಲಿ ಕುರ್ತಾ ಒಂದು ಸಿಕ್ಕಿತು. ಕೊರಳ ಸುತ್ತ ಕೆಂಪು ಬಳ್ಳಿಯ ಅಚ್ಚು. ತೊಟ್ಟು ಕನ್ನಡಿಯ ಮುಂದೆ ನಿಂತೆ. ಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದ ಅಮ್ಮ ಒಡತಿಯ ಎದುರೇ ಕನ್ನಡದಲ್ಲಿ ಅಂದಳು: "ಎಡಗಡೆ ಭುಜ ತಗ್ಗಿದೆ ಕಣೇ. ಯಾರದೋ ಅಳತೆಗೆ ಹೊಲಿದದ್ದು, ಅವರು ಬಿಟ್ಟುಹೋಗಿದಾರೆ. ಬೇಡ."

"ಅದು ಡಿಸೈನು. ಎರಡೂ ಕಡೆ ಒಂದೇ ಥರ ಇರ್ಬೇಕು ಅಂತ ಯಾರು ಹೇಳಿದ್ದು?"

"ನಿನ್ನ ಮೈ ಹೇಳತ್ತೆ."

ಗೆದ್ದದ್ದು ನಾನೇ. ವಾದದಲ್ಲಿ ಸೋತರೆ ಕೊಂಡುಕೊಡುವುದು ಅಮ್ಮನ ಪದ್ಧತಿ.

ಮುಂದಿನ ವಾರ ಬೇರೊಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಫೈನಲ್. ವಿಷಯ: ಫ್ಯಾಷನ್ ಎಂಬುದು ಗುಲಾಮಗಿರಿ. ನಾನು ಪರ. ಆ ಕುರ್ತಾವನ್ನೇ ತೊಟ್ಟು ಅದನ್ನು ವಾದಿಸಲು ಹೊರಟದ್ದರಲ್ಲಿ ನನಗೇನೂ ವಿರೋಧಾಭಾಸ ಕಾಣಲಿಲ್ಲ. ಕಂಡಿದ್ದರೆ ಅದಕ್ಕೂ ಒಂದು ವಾದ ಹುಡುಕುತ್ತಿದ್ದೆ. ನೋಡಲು ಅಮ್ಮನೂ ಬಂದಿದ್ದಳು.

ವರಾಂಡದಲ್ಲಿ ಎದುರು ತಂಡದ ಹುಡುಗಿ ನಿಂತಿದ್ದಳು, ಪುಸ್ತಕ ಎದೆಗವಚಿಕೊಂಡು. ಅವಳ ಎಡ ಭುಜ ಬಲಕ್ಕಿಂತ ಸ್ಪಷ್ಟವಾಗಿ ಕೆಳಗಿತ್ತು. ಅಮ್ಮ ನನ್ನ ಮೊಣಕೈ ತಿವಿದಳು. ದನಿ ತಗ್ಗಿಸಬೇಕೆಂದು ಅವಳಿಗೆ ಹೊಳೆಯಲಿಲ್ಲ.

"ನೋಡೇ, ನಾನು ಹೇಳ್ಲಿಲ್ವಾ? ನಿನ್ನ ಕುರ್ತಾ ಆ ಹುಡುಗಿಗೇ ಹೊಲಿದ ಹಾಗಿದೆ."

ನಾನು ನಕ್ಕೆ. "ಸರಿಹೋಯ್ತು! ಅವಳ ಸೊಟ್ಟ ನನ್ನ ಮೈಗೆ ಅಂಟ್ಕೊಂಡಿತು ಅನ್ನು."

ಹುಡುಗಿ ತಿರುಗಿದಳು.

"ನನ್ನ ಸೊಟ್ಟ ನನ್ನ ಹತ್ರಾನೇ ಇದೆ ರೀ. ನೀವು ತಗೊಂಡಿದ್ದು ಬರೀ ಬಟ್ಟೆ."

ಕನ್ನಡ. ನಮ್ಮ ಮನೆಯದಕ್ಕಿಂತ ತಮಿಳು ಹೆಚ್ಚು ಬೆರೆತ ರಾಗ, ಆದರೆ ಕನ್ನಡವೇ. ಅಮ್ಮನ ಮುಖ ಬಿಳಿಚಿತು. "ಅಯ್ಯೋ, ನೀನು... ಯಾವ ಕಡೆಯಮ್ಮ?"

"ಇಲ್ಲೇ ರಾಯಪುರಂ, ಆಂಟಿ. ಅಪ್ಪ ಹಾರ್ಬರಲ್ಲಿ ಕೆಲಸ." ಅವಳು ನನ್ನ ಕೊರಳಿನ ಬಳ್ಳಿಯನ್ನು ನೋಡುತ್ತಿದ್ದಳು. "ಆ ಬಟ್ಟೆ ನಾನೇ ಆರಿಸಿ ಕೊಟ್ಟಿದ್ದು. ಅಳತೆ ತಗೊಳ್ಳೋವಾಗ ಅಂಗಡಿ ಅಮ್ಮ ಟೈಲರಿಗೆ ಕೂಗಿ ಹೇಳಿದ್ರು, ಎಡಗಡೆ ಇಷ್ಟು ಇಳೀಲಿ ಅಂತ. ಅಂಗಡಿ ತುಂಬ ಜನ, ಎಲ್ಲಾರೂ ತಿರುಗಿ ನೋಡಿದ್ರು. ಆಮೇಲೆ ಆ ಕಡೆ ಹೋಗಕ್ಕೇ ಮನಸ್ಸು ಬರಲಿಲ್ಲ."

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿಂದ ಕರೆ ಬಂತು. "ಪರವಾಯಿಲ್ಲ, ಬನ್ನಿ" ಎಂದು ಅವಳೇ ಮುಂದೆ ನಡೆದಳು.

ವೇದಿಕೆಯ ಮೇಲೆ ದುಪಟ್ಟಾವನ್ನು ಎಡ ಭುಜಕ್ಕೆ ಎಳೆದುಕೊಂಡೇ ಮಾತಾಡಿದೆ. ಅವಳ ಸರದಿ ಬಂತು. ಬುಟೀಕಿನ ಕುರ್ತಾ ತೊಟ್ಟು ಫ್ಯಾಷನ್ನನ್ನು ಬೈಯುವವಳು ಎಂದು ಒಂದೇ ಮಾತಿನಲ್ಲಿ ಅವಳು ನನ್ನನ್ನು ಮುಗಿಸಬಹುದಿತ್ತು. ನಾನಾಗಿದ್ದರೆ ಮುಗಿಸುತ್ತಿದ್ದೆ. ಅವಳು ನನ್ನತ್ತ ಬೆರಳೆತ್ತಲಿಲ್ಲ. ತನ್ನ ಮೈಗೆ ಸರಿಹೊಂದುವ ಒಂದು ಚೆಂದದ ಬಟ್ಟೆ ಬೇಕೆನ್ನುವುದು ಯಾವ ಗುಲಾಮಗಿರಿ ಎಂದು ಕೇಳಿ ಕೂತಳು.

ಪರ ವಾದಿಸಿದವಳಾಗಿ ಕೊನೆಯ ಉತ್ತರ ನನ್ನ ಹಕ್ಕು. ಮೈಕಿನ ಹತ್ತಿರ ಹೋದೆ. ಬಾಯಿಗೆ ಮೂರು ಉತ್ತರ ಬಂದವು, ಮೂರೂ ಚುರುಕಾಗಿದ್ದವು. "ನನ್ನದೇನೂ ಇಲ್ಲ" ಎಂದು ವಾಪಸಾದೆ. ತಂಡದಲ್ಲಿ ನನ್ನ ಜೋಡಿಯಾಗಿದ್ದವಳು ಆ ಸಂಜೆ ನನಗೆ ಕಾಯದೆ ಒಬ್ಬಳೇ ಹೊರಟುಹೋದಳು. ಗೆಲುವಿನ ಕಪ್ ಎದುರು ತಂಡಕ್ಕೆ ಹೋಯಿತು. ಗೆಲುವನ್ನು ನಾನೇ ಬಿಟ್ಟುಕೊಟ್ಟೆ ಎಂಬ ಸಮಾಧಾನವೂ ನನಗೆ ದಕ್ಕಲಿಲ್ಲ, ಅವಳು ಹೇಗೂ ಗೆಲ್ಲುತ್ತಿದ್ದಳು.

ಮನೆಗೆ ಹೋಗುವ ಬಸ್ಸಿನಲ್ಲಿ ಹಸಿವಾಗುತ್ತಿದೆಯಾ ಎಂದು ಅಮ್ಮ ಕೇಳಿದಳು, ತಮಿಳಿನಲ್ಲಿ. ನಾನೂ ತಮಿಳಿನಲ್ಲೇ ಇಲ್ಲವೆಂದೆ.