ಹೊಸ್ತಿಲಲ್ಲಿ ನಿಂತ ಮುದುಕ

ಚಪಾತಿ ಲಟ್ಟಿಸುತ್ತಿದ್ದೆ. ಬಲಗೈಯಿಂದ ಲಟ್ಟಣಿಗೆ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳಿಗೆ ಏಳಲಾಗಲಿಲ್ಲ. ಯಜಮಾನರನ್ನು ಕೂಗಿದೆ. ಬಾಯಿಂದ ಹೊರಟದ್ದು ಬರೀ ಗೊರಗೊರ ಸದ್ದು.

ಸ್ಟ್ರೋಕ್.

ಬಲಗಡೆಯ ಕೈಕಾಲು ಹೋದವು, ಮಾತೂ ಹೋಯಿತು. ಪುಣೆಯ ಕನ್ನಡ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕೊನೆಯ ಬೆಂಚಿಗೂ ಕೇಳುವಂತೆ ಕನ್ನಡ ಪಾಠ ಹೇಳಿ ರಿಟೈರ್ ಆದವಳು ನಾನು. ಎಲ್ಲ ಬಿಟ್ಟು ಮಾತೇ ಹೋಗಬೇಕಿತ್ತೆ? ಅಳು ಬರಲಿಲ್ಲ. ಸಿಟ್ಟು ಬಂತು.

ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ದಿನಾ ಚಿತ್ರ ತೋರಿಸಿ, "ಕಾಕೂ, ಹೇ ಕಾಯ ಆಹೇ?" ಇದೇನು ಎಂದು ಮರಾಠಿಯಲ್ಲಿ ಕೇಳುತ್ತಿದ್ದಳು. ಬಟ್ಟಲು, ಬೀಗ, ಬಾಳೆಹಣ್ಣು. ಒಂದರ ಹೆಸರೂ ನಾಲಿಗೆಗೆ ಬರಲಿಲ್ಲ. ಮೂರು ವಾರ ಹೀಗೇ ಕಳೆಯಿತು. ತಪ್ಪು ನಮ್ಮದೇ. ಅಡ್ಮಿಶನ್ ಫಾರ್ಮಿನಲ್ಲಿ 'ಭಾಷೆ' ಎಂಬಲ್ಲಿ ಯಜಮಾನರು 'ಮರಾಠಿ' ಎಂದು ಬರೆದಿದ್ದರು. ವಿಜಯಪುರ ಬಿಟ್ಟು ಇಲ್ಲಿಗೆ ಬಂದ ಮೇಲೆ ಬಾಗಿಲಾಚೆ ಮರಾಠಿ, ಒಳಗೆ ಕನ್ನಡ ಎಂಬುದು ನಮಗೆ ರೂಢಿ. ಪೆನ್ನು ಹಿಡಿದಾಗ ಅವರು ಬಾಗಿಲಾಚೆ ಇದ್ದರು.

ಒಂದು ಬೆಳಿಗ್ಗೆ ಅವಳು ಬೀಗದ ಚಿತ್ರ ಮುಂದಿಟ್ಟಾಗ ನನ್ನ ಬಾಯಿಂದ ಹಳೆಯದೊಂದು ಕನ್ನಡ ಪದ್ಯ ಪೂರ್ತಿಯಾಗಿ ಹೊರಬಂತು. ಎಂಟನೆಯ ತರಗತಿಗೆ ಪ್ರತಿ ವರ್ಷ ಕಲಿಸುತ್ತಿದ್ದ ಪದ್ಯ. ಹರೆಯ ಹೇಳದೆ ಕೇಳದೆ ಮನೆ ಬಿಟ್ಟು ಹೋಗುತ್ತದೆ. ಮುದುಕನೊಬ್ಬ ಹೊಸ್ತಿಲಲ್ಲಿ ನಿಂತು ಅದು ಹೋದ ದಾರಿ ನೋಡುತ್ತಾನೆ. ಅಷ್ಟೇ.

ಪಕ್ಕದಲ್ಲಿದ್ದ ಯಜಮಾನರ ಕಣ್ಣು ತುಂಬಿತು. "ನಂದ ತಪ್ಪು. ಇಕಿಗೆ ಕನ್ನಡದಾಗ ಕೇಳಬೇಕಿತ್ತು," ಎಂದರು. ಅದು ಪದ್ಯವೆಂದು ಅವರಿಂದ ತಿಳಿದ ಥೆರಪಿಸ್ಟ್ ಮಾತ್ರ ಮಾತು ಮರಳಿತೆಂದು ಒಪ್ಪಲಿಲ್ಲ. ಬಾಯಿಪಾಠ ಬೇರೆ, ಮಾತು ಬೇರೆ, ಕಾಕೂ ತಮ್ಮದೇ ಒಂದು ವಾಕ್ಯ ಹೇಳಲಿ ಎಂದಳು.

ಬಾಯಿಪಾಠವಂತೆ!

ಉರಿದುಹೋದೆ. ಆದರೆ ಅವಳ ಮಾತು ನಿಜವಿತ್ತು. ಆ ಪದ್ಯಕ್ಕೆ ನಾನು ಬರೆಸುತ್ತಿದ್ದ ಭಾವಾರ್ಥವೂ ಬಾಯಿಪಾಠವೇ: ಕಾಲದ ಮುಂದೆ ಮನುಷ್ಯ ಅಸಹಾಯಕ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು 'ಮುದುಕ ಸೋತಿಲ್ಲ' ಎಂದು ಬರೆದಾಗ ಕೆಂಪು ಪೆನ್ನಿನಿಂದ ಹೊಡೆದುಹಾಕಿ ಸೊನ್ನೆ ಕೊಟ್ಟಿದ್ದೆ. ಈಗ ವಾಕರ್ ಹಿಡಿದು ಎದ್ದೇಳಲು ನನಗೆ ಇಬ್ಬರ ಆಸರೆ ಬೇಕು, ಎದ್ದರೂ ಹತ್ತು ಎಣಿಸುವಷ್ಟರಲ್ಲಿ ಮೊಣಕಾಲು ಕುಸಿಯುತ್ತದೆ. ನಿಲ್ಲುವುದು ಎಂದರೆ ಏನೆಂದು ಪಾಠ ಹೇಳುವಾಗ ನನಗೆ ಗೊತ್ತಿರಲಿಲ್ಲ.

ಮರುದಿನ ಥೆರಪಿಸ್ಟ್ ಎದುರೇ ಯಜಮಾನರು ಕನ್ನಡದಲ್ಲಿ ಕೇಳಿದರು. "ಹೇಳು, ಆ ಮುದಕ ಏನ್ ಮಾಡ್ಲಿಕತ್ತಾನ? ಅಳ್ಳಿಕತ್ತಾನೇನು?"

ತಲೆ ಅಲ್ಲಾಡಿಸಿದೆ. ಜೊಲ್ಲು ಸುರಿಯಿತು. ಒರೆಸಲು ಬಂದ ಅವರ ಕೈಯನ್ನು ಎಡಗೈಯಿಂದ ದೂಡಿದೆ.

"ಇಲ್ಲ. ಅಂವ... ನಿಂತಾನ."

ಯಜಮಾನರು ಅದನ್ನು ಮರಾಠಿಯಲ್ಲಿ ಹೇಳಿದರು. ಥೆರಪಿಸ್ಟ್ ನಗುತ್ತಾ ಫೈಲಿನಲ್ಲಿ ಬರೆದುಕೊಂಡಳು. ಆ ದಿನದಿಂದ ಯಜಮಾನರ ಮೂಲಕ ನನ್ನ ಪಾಠ ಕನ್ನಡದಲ್ಲೇ ನಡೆದಿದೆ, ಅವಳೂ ನಾಲ್ಕು ಪದ ಕಲಿತಿದ್ದಾಳೆ.

ಬೇಕಾದ ಪದ ಇನ್ನೂ ಎಷ್ಟೋ ಸಲ ಸಿಗುವುದಿಲ್ಲ. ಬಲಗೈ ಬರುತ್ತದೆಯೇ ಎಂದರೆ ಡಾಕ್ಟರ್ "ನೋಡೋಣ" ಎನ್ನುತ್ತಾರೆ. ನೋಡಲಿ. ನಾನು ಎಡಗೈಯಲ್ಲಿ ಬರೆಯುವುದು ಕಲಿಯುತ್ತಿದ್ದೇನೆ. ಅಕ್ಷರ ಒಂದನೆಯ ತರಗತಿಯ ಮಕ್ಕಳ ಹಾಗಿದೆ. ಮೊದಲು ಬರೆದದ್ದು ಆ ವಿದ್ಯಾರ್ಥಿನಿಯ ಹೆಸರು, ಅದರ ಮುಂದೆ ಪೂರ್ತಿ ಮಾರ್ಕು.