ದುಂಡವ್ವನ ಕೂಡು ಹಿಟ್ಟು

ಡಿಸೆಂಬರ್ ಅರ್ಧ ಕಳೆಯಿತೆಂದರೆ ಧುಪದಾಳದ ಚರ್ಚಿನ ಓಣಿಯಲ್ಲಿ ಯಾವ ಹೆಣ್ಣುಮಗಳೂ ಹಿಟ್ಟಿನ ಡಬ್ಬಿ ಬರಿದು ಮಾಡಿಕೊಂಡು ಕೂಡುತ್ತಿರಲಿಲ್ಲ. ದುಂಡವ್ವ ಯಾವ ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾಳೋ ಯಾರಿಗೆ ಗೊತ್ತು! ತಲೆಗೆ ಗಂಡನ ಹಳೆಯ ಮಫ್ಲರು, ಹೆಗಲಿಗೆ ದೊಡ್ಡ ಚೀಲ, ಕಾಲಲ್ಲಿ ಎರಡು ತರದ ಚಪ್ಪಲಿ. ಓಣಿಯ ತುದಿಯಲ್ಲೇ ಕೂಗು ಹಾಕುತ್ತಿದ್ದಳು: "ಕೂಡು ಹಿಟ್ಟ ಬಂತ್ರೆವಾ! ನುಚ್ಚ ಬೆರಸೀರಿ ಮತ್ತ, ನನ್ನ ಕೈಗೆ ತಿಳೀತೈತಿ!"

ಮೂವತ್ತೆಂಟು ಮನೆ, ಮನೆಗೊಂದು ಸೇರು ಜೋಳದ ಹಿಟ್ಟು. ಕ್ರಿಸ್‌ಮಸ್ ದಿನ ಆರಾಧನೆ ಮುಗಿದ ಮೇಲೆ ಎಲ್ಲರೂ ಸಾಲಾಗಿ ಕುಳಿತು ಉಣ್ಣುವ ಪ್ರೀತಿ ಭೋಜನದ ಖಡಕ್ ರೊಟ್ಟಿಗೆ ಬೇಕಾದ ಹಿಟ್ಟು ಅದು. ಈ ರೂಢಿಯನ್ನು ಹಾಕಿದವಳು ದುಂಡವ್ವನ ಅತ್ತೆ ಕಾಶೆವ್ವ. ಆಗ ಎರಡು ಕೇರಿಯ ಜನ ದೀಕ್ಷಾಸ್ನಾನ ತೆಗೆದುಕೊಂಡು ಹೊಸದಾಗಿ ಸಭೆಗೆ ಸೇರಿದ್ದರು. ಹಾಡುವಾಗ ದನಿ ಒಂದು, ಉಣ್ಣುವಾಗ ಪಂಕ್ತಿ ಎರಡು. ಮೇಲಿನ ಕೇರಿಯವರ ಬುತ್ತಿ ಕೆಳಗಿನ ಕೇರಿಯವರು ಮುಟ್ಟುವಂತಿಲ್ಲ, ಇವರ ಕೈಯ ನೀರು ಅವರಿಗೆ ಆಗುವುದಿಲ್ಲ. ಹೊರಗಿನ ಮಂದಿಗೆ ಇಬ್ಬರೂ ಹೊಲೆಗೇರಿಯವರೇ; ಒಳಗೆ ಮಾತ್ರ ನಾ ಮೇಲು ನೀ ಕೀಳು. ಒಂದು ವರ್ಷ ಕಾಶೆವ್ವ ಎಲ್ಲರ ಮನೆಯಿಂದ ಹಿಟ್ಟು ಬೇಡಿ ತಂದು, ಚರ್ಚಿನ ಅಂಗಳದಲ್ಲಿ ತೊಳೆದ ಧೋತರ ಹಾಸಿ, ಅಷ್ಟೂ ಹಿಟ್ಟು ಅದರ ಮೇಲೆ ಸುರುವಿ, ಎರಡೂ ಕೈಯಿಂದ ಕಲೆಸಿಬಿಟ್ಟಳಂತೆ. ಆಮೇಲೆ ಸೊಂಟದ ಮೇಲೆ ಕೈ ಇಟ್ಟು, "ಈಗ ನಿಮ್ಮ ನಿಮ್ಮ ಹಿಟ್ಟ ಆರಿಸಿಕೊಂಡ ಹೋಗ್ರಿ" ಅಂದಳಂತೆ. ಯಾರು ಆರಿಸಬೇಕು? ಅವತ್ತಿನಿಂದ ಪಂಕ್ತಿ ಒಂದೇ ಆಯಿತು. ಕಾಶೆವ್ವ ಹಾಸಿಗೆ ಹಿಡಿದಾಗ ಸೊಸೆಯನ್ನು ಕರೆದು ಬಂಗಾರ ಕೊಡಲಿಲ್ಲ, ಈ ಚೀಲ ಕೊಟ್ಟಳು. ಇಪ್ಪತ್ತೇಳು ವರ್ಷದಿಂದ ದುಂಡವ್ವ ಅದನ್ನು ಹೊತ್ತಿದ್ದಳು.

ದುಂಡವ್ವನ ತವರು ಮಮದಾಪುರ. ಎರಡನೇ ಇಯತ್ತೆಗೆ ಸಾಲಿ ಬಿಡಿಸಿದರು. ಗಂಡ ಸೋಮಪ್ಪನ ಮನೆತನ ಮೂಲದಲ್ಲಿ ಮೂಡಲಗಿ ಕಡೆಯದು, ಅವನಿಗೆ ಧುಪದಾಳದ ಒಡ್ಡಿನ ಮೇಲೆ ಗೇಟು ಏರಿಸಿ ಇಳಿಸುವ ನೌಕರಿ. ಅವನು ತೀರಿ ಹನ್ನೊಂದು ವರ್ಷ. ದುಂಡವ್ವನಿಗೆ ಓದು ಇರಲಿಲ್ಲ, ಆದರೆ ನೆನಪು ಅಂದರೆ ನೆನಪು. ಯಾರ ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗಿತ್ತು ಎಂಬುದನ್ನೂ ಮೂವತ್ತು ವರ್ಷದ ಮೇಲೆ ಹೇಳುತ್ತಿದ್ದಳು. ಅದಕ್ಕೇ ಕ್ರಿಸ್‌ಮಸ್‌ಗೆ ಮುಂಚಿನ ರವಿವಾರವನ್ನು ಪಾಸ್ಟರು ನ್ಯಾಯದ ರವಿವಾರ ಅಂತ ಮಾಡಿದಾಗಿನಿಂದ, ಜಾತಿಯ ಅನ್ಯಾಯದ ಸಾಕ್ಷಿ ಹೇಳಲು ಪ್ರತಿ ವರ್ಷ ಅವಳನ್ನೇ ನಿಲ್ಲಿಸುತ್ತಿದ್ದರು. ಅವಳು ಮಮದಾಪುರದ ಚಹಾದ ಅಂಗಡಿಯ ಕತೆ ಹೇಳುತ್ತಿದ್ದಳು. ಗೋಡೆಯ ಹೊರಗಿನ ಗೂಡಿನಲ್ಲಿ ಕಿವಿ ಮುರಿದ ಕಪ್ಪುಗಳು. ತಮ್ಮ ಕಪ್ಪು ತಾವೇ ತೊಳೆದು ಹಿಡಿಯಬೇಕು, ಮೇಲಿಂದ ಚಹಾ ಸುರಿಯುತ್ತಾರೆ. ಏಳು ವರ್ಷದ ದುಂಡವ್ವ ಮರೆತು ಮೇಲ್ಜಾತಿಯವರು ಕೂಡುವ ಕಟ್ಟೆ ಮುಟ್ಟಿದ್ದಕ್ಕೆ ಅವಳ ಅಪ್ಪ ಉದ್ದಪ್ಪ ಎಲ್ಲರ ಮುಂದೆ ಆ ಕಟ್ಟೆಯನ್ನು ಸಗಣಿಯಿಂದ ಸಾರಿಸಬೇಕಾಯಿತು. ಕೇಳಿದ ಮಂದಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೇಳಿ ಹೇಳಿ ದುಂಡವ್ವನಿಗೂ ಅದರಲ್ಲಿ ಒಂದು ಹೆಮ್ಮೆ ಬಂದಿತ್ತು.

ಈ ವರ್ಷ ಸಭೆಗೆ ಒಂದು ಹೊಸ ಮನೆ ಸೇರಿತ್ತು. ಹಳಿಯಾಳದ ಕಾಡಿನ ಕಡೆಯ ಸಿದ್ದಿ ಜನ: ಫಿಲೋಮಿನಾ, ಅವಳ ಗಂಡ ಜುಜೆ. ಅವನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ಅರೆಯುವ ಹಂಗಾಮಿನ ಕೆಲಸ, ಅವಳಿಗೆ ಒಂದು ದವಾಖಾನೆಯಲ್ಲಿ ಆಯಾ ಕೆಲಸ. ನೂರಾರು ವರ್ಷದ ಹಿಂದೆ ಹಡಗಿನಲ್ಲಿ ಆಫ್ರಿಕಾದಿಂದ ತಂದ ಗುಲಾಮರ ಸಂತತಿ. ಗುಂಗುರು ಕೂದಲು, ಕಡುಗಪ್ಪು ಬಣ್ಣ, ಬಾಯಿ ತೆರೆದರೆ ನಮ್ಮದೇ ಕನ್ನಡ. ಕಿರಾಣಿ ಅಂಗಡಿಯಲ್ಲಿ ಯಾರೋ, "ಯಾವ ದೇಶದವ್ರಬೇ ನೀವು?" ಅಂದರೆ, "ಹಳಿಯಾಳ ದೇಶದವ್ರರಿ. ಬಸ್ಸಿಗೆ ಹೋಗಬಹುದು, ಪಾಸ್ಪೋರ್ಟ ಬೇಕಾಗೂದಿಲ್ಲ" ಅಂದಿದ್ದಳು ಫಿಲೋಮಿನಾ.

ಹೋದ ತಿಂಗಳು ಅವರ ಮನೆಯ ಮಾಲಕ, ಬಾಜೂ ಮಂದಿ ಅಂಜುತ್ತಾರೆ, ಖಾಲಿ ಮಾಡಿರಿ ಅಂದ. ಸಭೆಯವರೆಲ್ಲ ಅವನ ಬಾಗಿಲಿಗೆ ಹೋದರು. ಪಾಸ್ಟರು ಕಾಯದೆ ಹೇಳಿದರು, ಹಿರಿಯರು ಸಮಾಧಾನ ಹೇಳಿದರು. ಮಾಲಕ ಕರಗಿದ್ದು ಮಾತ್ರ ದುಂಡವ್ವನ ಮಾತಿಗೆ. "ಕರಿ ಮಣ್ಣಾಗ ಬೆಳದ ಜ್ವಾಳ ಉಣ್ತೀರಿ, ಕರಿ ಮಾರಿಗೆ ಅಂಜತೀರೇನ್ರಿ ಸಾವಕಾರ್ರ?" ಅಂದಾಗ ಅವನ ಹೆಂಡತಿಯೇ ಒಳಗಿನಿಂದ ನಕ್ಕುಬಿಟ್ಟಳು. ಮನೆ ಉಳಿಯಿತು. ಅಂದಿನಿಂದ ಫಿಲೋಮಿನಾ ದುಂಡವ್ವನನ್ನು ಆಯಿ ಅಂತ ಕರೆಯತೊಡಗಿದಳು.

ಅಂಥ ದುಂಡವ್ವ ಈ ಸಲ ಹಿಟ್ಟಿಗೆ ಹೊರಟಾಗ ಮೊದಲು ತಡೆದವಳು ಬಾಜೂ ಮನೆಯ ಅಲ್ಲವ್ವ. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಕೂಡಿ ರೊಟ್ಟಿ ಬಡಿದವಳು. ಹಿಟ್ಟು ಹಾಕಿ, ಸೆರಗಿಗೆ ಕೈ ಒರೆಸುತ್ತಾ ದನಿ ಇಳಿಸಿದಳು.

"ಅಕ್ಕಾ, ಆ ಸಿದ್ದೇರ ಹಿಟ್ಟೂ ಇದರಾಗ ಕೂಡಿಸಾಕಿ ಏನು?"

"ಮತ್ತ? ಅವರೂ ಸಭಾದವ್ರ ಅಲ್ಲೇನ?"

"ಸಭಾದವ್ರ ಖರೆ. ಆದ್ರ ಈ ಸಲ ನಮ್ಮ ಹುಕ್ಕೇರಿ ಬೀಗರು ಊಟಕ್ಕ ಬರಾಕತ್ತಾರ. ಹೊಸ ಬೀಗತನ. ಏನರ ಅಂದ್ರ ನನ್ನ ಮಗಳ ಬಾಳೇದ ಗತಿ ಏನು? ನಮ್ಮ ಓಣ್ಯಾಗ ಇನ್ನೂ ನಾಕ್ ಮನ್ಯಾರು ಹಿಂಗ ಅನ್ನಾಕತ್ತಾರ."

"ಹೋದ ತಿಂಗಳ ಅಕಿ ಸಲುವಾಗಿ ನೀನೂ ಬಂದಿದ್ದೆಲ್ಲ, ಮಾಲಕನ ಬಾಗಲಿಗೆ?"

"ಮನಿ ಕೊಡಿಸೂದು ಬ್ಯಾರೆ ಅಕ್ಕಾ, ಕೂಡಿ ಉಣ್ಣೂದು ಬ್ಯಾರೆ. ಅವರ ಕೈ, ಅವರ ಬಾಂಡೆ ಬೋಗಣಿ ನಮಗೇನ ಗೊತ್ತು?"

ದುಂಡವ್ವ ಚೀಲ ಹೆಗಲಿಗೇರಿಸಿ ಮುಂದಿನ ಮನೆಗೆ ಹೋದಳು. ಆದರೆ ಮಾತು ಕಿವಿಯಲ್ಲಿ ಉಳಿಯಿತು. ಹಬ್ಬದ ಹೊತ್ತು, ಜಗಳ ಯಾಕೆ ಅನ್ನಿಸಿತು. ಈ ವರ್ಷ ಹೆಂಗಾದರೂ ಸುಸೂತ್ರ ದಾಟಿಸಿದರೆ ಬರುವ ವರ್ಷ ತಾನೇ ರೂಢಿಯಾದೀತು ಅನ್ನಿಸಿತು. ನಿಜ ಹೇಳಬೇಕೆಂದರೆ ಇನ್ನೂ ಒಂದು ಅನ್ನಿಸಿತ್ತು. ಅದನ್ನು ಅವಳು ಆಗ ತನಗೆ ತಾನೇ ಹೇಳಿಕೊಳ್ಳಲಿಲ್ಲ.

ಫಿಲೋಮಿನಾ ಬಾಗಿಲಲ್ಲೇ ಕಾಯುತ್ತಿದ್ದಳು. ಹೊಸ ಜೋಳ ತಂದು, ಹಸನು ಮಾಡಿ, ಗಿರಣಿಯಲ್ಲಿ ಬೀಸಿಸಿ, ಎರಡು ಸಲ ಸಾಣಿಸಿದ್ದಳು. ಹಾಲಿನಂಥ ಹಿಟ್ಟು. ಒಂದು ಸೇರಲ್ಲ, ಎರಡು ಸೇರು. ಬಿಳಿ ಅರಿವೆಯಲ್ಲಿ ಗಂಟು ಕಟ್ಟಿದ್ದಳು.

"ಚೀಲದಾಗ ಸುರುವಲೇನ್ರಿ ಆಯಿ?"

"ಬ್ಯಾಡ ಬಿಡು, ಗಂಟ ಚಲೋ ಐತಿ, ಹಂಗ ಕೊಡು" ಅಂದಳು ದುಂಡವ್ವ. ಅಂದು, ಅವಳ ಮುಖ ನೋಡದೆ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡಳು.

"ಶನಿವಾರ ರೊಟ್ಟಿ ಬಡ್ಯಾಕ ನಾನೂ ಬರ್ತೇನ್ರಿ. ನನ್ನ ರೊಟ್ಟಿ ದುಂಡಗ ಬರೂದಿಲ್ಲ, ಗೋಕಾಕ ತಾಲೂಕಿನ ನಕಾಶಿ ಆಗ್ತೈತಿ, ನಗಬ್ಯಾಡ್ರಿ ಮತ್ತ."

ಶನಿವಾರ ಥಂಡಿ ಮೂಳೆಗೆ ಇಳಿಯುವಂತಿತ್ತು. ಒಡ್ಡಿನ ಕಡೆಯಿಂದ ಗಾಳಿ ಬೀಸುತ್ತಿತ್ತು. ಚರ್ಚಿನ ಅಂಗಳದಲ್ಲಿ ಐದು ಒಲೆ ಹೂಡಿದ್ದರು. ದುಂಡವ್ವ ಧೋತರ ಹಾಸಿ ಚೀಲ ಸುರುವಿದಳು, ಕಲೆಸಿದಳು. ಬಿಳಿ ಗಂಟನ್ನು ಮಾತ್ರ ಕಸಬರಿಗೆ ಇಡುವ ಮೂಲೆಯಲ್ಲಿ ಇಟ್ಟಿದ್ದಳು. ಆಮೇಲೆ ನೋಡೋಣ ಅಂತ.

ಫಿಲೋಮಿನಾ ಬಂದಳು. ಕೈ ತೊಳೆಯಲು ಆ ಕಡೆಗೇ ಹೋಗಬೇಕು. ಹೋದವಳು ಗಂಟು ಕಂಡಳು. ದುಂಡವ್ವ ಇತ್ತ ಹಿಟ್ಟು ನಾದುತ್ತಾ ಕುತ್ತಿಗೆ ಎತ್ತಲಿಲ್ಲ. ಫಿಲೋಮಿನಾ ಕೈ ತೊಳೆದು, ಒರೆಸಿಕೊಂಡು ಬಂದು, ಹಿಟ್ಟಿನ ಹತ್ತಿರ ಕೂಡಲಿಲ್ಲ. ಒಲೆಗೆ ಕಟ್ಟಿಗೆ ಒಟ್ಟುತ್ತಾ ಕುಳಿತಳು. ಯಾರೋ, "ಬಾರ ತಂಗಿ, ನಿನ್ನ ನಕಾಶಿ ತೋರಿಸು" ಅಂದರು. "ಬ್ಯಾಡ್ರಿ, ಉರಿ ಹಚ್ಚೂದು ನನಗ ಬರ್ತೈತಿ" ಅಂದಳು. ಕಡೆಗೆ ಎಲ್ಲರೂ ಏಳುವಾಗ ದುಂಡವ್ವನ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ಆಯಿ, ಉಳದ ಹಿಟ್ಟ ನಾ ಒಯ್ಯಲೇನ್ರಿ?"

ದುಂಡವ್ವನ ಬಾಯಿಂದ ಹೂಂ ಅಂತ ಬಂತು. ಅಷ್ಟೇ ಬಂತು.

ಮರುದಿನ ನ್ಯಾಯದ ರವಿವಾರ. ಪಾಸ್ಟರು ಹೆಸರು ಕರೆದರು, ದುಂಡವ್ವ ಎದ್ದು ಮುಂದೆ ಹೋದಳು. ಎಲ್ಲರಿಗೂ ಬಾಯಿಪಾಠ ಆದ ಕತೆ, ಹೆಂಗಸರು ಆಗಲೇ ಸೆರಗು ಕೈಯಲ್ಲಿ ಹಿಡಿದಿದ್ದರು. ಫಿಲೋಮಿನಾ ಹಿಂದಿನ ಸಾಲಿನಲ್ಲಿ ಕಿಟಕಿ ಪಕ್ಕ ಕುಳಿತಿದ್ದಳು. ದುಂಡವ್ವ ಮಮದಾಪುರದ ಗೋಡೆ, ಗೂಡು, ಕಪ್ಪು ಎಲ್ಲ ಹೇಳಿದಳು. ಅಪ್ಪ ಸಗಣಿ ಕಲೆಸುವಲ್ಲಿಗೆ ಬಂದು ನಿಂತಳು. ಮುಂದೆ ಹೋಗಲಿಲ್ಲ.

"ಇದನ್ನ ಎಷ್ಟ ಸಲ ಹೇಳೇನಿ ನಿಮ್ಮ ಮುಂದ. ಇವತ್ತ ಬ್ಯಾರೆ ಒಂದ ಹೇಳಬೇಕು. ನಿನ್ನಿ ನಾ ಒಬ್ಬರ ಹಿಟ್ಟ ಕೂಡಸಲಿಲ್ಲ. ಬಾಜೂಕ ಇಟ್ಟೆ. ಕಸಬರಿಗಿ ಮಗ್ಗಲದಾಗ ಇಟ್ಟೆ. ಯಾರೋ ಹೇಳಿದ್ರಂತ ಇಟ್ಟೆ ಅಂದ್ರ ಸುಳ್ಳ ಆಗ್ತೈತಿ. ನನ್ನ ಮನಸ್ಸಿಗೂ ಸೇರಿರಲಿಲ್ಲ, ಅದಕ್ಕ ಇಟ್ಟೆ. ಕಪ್ಪ ಹಿಡಕೊಂಡ ಹೊರಗ ನಿಂತಾಕಿ ನಾ. ನಿನ್ನಿ ಕಟ್ಟಿ ಮ್ಯಾಲೆ ಕುಂತಾಕಿನೂ ನಾನ."

ಪಾಸ್ಟರು ಏನು ಪ್ರಾರ್ಥನೆ ಮಾಡಬೇಕೆಂದು ತಿಳಿಯದೆ ಹಾಡು ಎತ್ತಿಸಿದರು. ಹಾಡಿನ ನಡುವೆಯೇ ಫಿಲೋಮಿನಾ ಎದ್ದು ಹೋದಳು. ಹೊರಗೆ ಅಲ್ಲವ್ವ ದುಂಡವ್ವನ ರಟ್ಟೆ ಹಿಡಿದಳು. "ಅಕ್ಕಾ, ಮಂದಿ ಮುಂದ ಮಾನ ಕಳದೆಲ್ಲ!"

"ನಿನ್ನ ಹೆಸರ ಎಲ್ಲಿ ತಗದೇನಿ?"

"ತಗೀಬೇಕೇನ? ಎಲ್ಲಾರೂ ನನ್ನ ಮಾರೀನ ನೋಡಾಕತ್ತಿದ್ರು!"

ಮಧ್ಯಾಹ್ನ ದುಂಡವ್ವ ಫಿಲೋಮಿನಾಳ ಮನೆಗೆ ಹೋದಳು. ಜುಜೆ ಕಾರ್ಖಾನೆಗೆ ಹೋಗಿದ್ದ. ಫಿಲೋಮಿನಾ ಚಾಪೆ ಹಾಸಿದಳು, ನೀರು ಕೊಟ್ಟಳು.

"ತಪ್ಪಾತ ಯವ್ವಾ."

"ಕೇಳಿದೆನ್ರಿ, ಚರ್ಚನ್ಯಾಗ. ಚಲೋ ಹೇಳಿದ್ರಿ." ಫಿಲೋಮಿನಾ ಚೊಂಬು ತೆಗೆದಿಡುತ್ತಾ ಅಂದಳು: "ಅಂಗಡ್ಯಾಗ ಅಂದ್ರ ನಗ್ತೇನ್ರಿ, ನನಗ ರೂಢಿ ಐತಿ. ಇಲ್ಲಿ ನಗಬೇಕು ಅಂತ ಗೊತ್ತಿರಲಿಲ್ಲ. ಕ್ರಿಸ್‌ಮಸ್ ಊಟಕ್ಕ ನಾವು ಬರೂದಿಲ್ಲ."

ದುಂಡವ್ವ ತಾನು ತಂದಿದ್ದ ಖಾಲಿ ಚೀಲವನ್ನು ಚಾಪೆಯ ಮೇಲೆ ಇಟ್ಟಳು. ಅತ್ತೆ ಕಟ್ಟಿದ ಪಂಕ್ತಿ ತನ್ನ ಕೈಯಲ್ಲೇ ಮತ್ತೆ ಎರಡಾಗಿತ್ತು. ಕಡೆಗೆ ಅಂದಳು:

"ಬಡದ ರೊಟ್ಟಿ ಅಷ್ಟೂ ಕಬ್ಬ ಕಡ್ಯಾವರ ಗುಡಸಲಿಗೆ ಕೊಟ್ಟ ಬರ್ತೇನಿ. ನಾಳೆ ಮತ್ತ ಹಿಟ್ಟ ಎತ್ತೂಣು. ಚೀಲ ನೀ ಹಿಡಿ."

"ನಾ ಯಾಕ್ರಿ? ಬಾಗಲಾ ಬಾಗಲಾ ತಿರಗಿ ಅನಿಸಿಕೊಳ್ಳಾಕೇನ?"

"ನಾ ಹಿಂದ ಇರ್ತೇನಿ."

ಫಿಲೋಮಿನಾ ಚೀಲ ನೋಡಿದಳು, ದುಂಡವ್ವನನ್ನು ನೋಡಿದಳು. "ನೀವು ಹಿಂದ ಬ್ಯಾಡ್ರಿ. ನೀವು ಇದ್ರ ನಿಮ್ಮ ಮಾರಿ ನೋಡಿ ಹಾಕ್ತಾರ. ನಾ ಒಬ್ಬಾಕಿನ ಹೋಗ್ತೇನಿ. ನನ್ನ ಕೈಯಾಗ ಯಾರ ಹಾಕ್ತಾರ, ಯಾರ ಹಾಕೂದಿಲ್ಲ, ನಾ ನೋಡಬೇಕು. ಆಮ್ಯಾಲೆ ಊಟಕ್ಕ ಬರೂದೋ ಬಿಡೂದೋ ಹೇಳ್ತೇನಿ."

ಸೋಮವಾರ ಇಡೀ ದಿನ ದುಂಡವ್ವ ತನ್ನ ಮನೆಯ ಹೊಸ್ತಿಲು ದಾಟಲಿಲ್ಲ. ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ, ಡಿಸೆಂಬರಿನಲ್ಲಿ ಅವಳ ಹೆಗಲು ಖಾಲಿ. ಓಣಿಯಲ್ಲಿ ಕೂಗು ಕೇಳಿಸಲಿಲ್ಲ. ಫಿಲೋಮಿನಾ ಕೂಗು ಹಾಕುವವಳಲ್ಲ, ಬಾಗಿಲು ಬಡಿಯುವವಳು. ಬಡಿದದ್ದು ಕೇಳುತ್ತಿತ್ತು. ತೆರೆದದ್ದು ಕೇಳುತ್ತಿತ್ತು. ಒಂದು ಕಡೆ ಬಡಿದದ್ದು ಕೇಳಿ, ತೆರೆದದ್ದು ಕೇಳಲಿಲ್ಲ. ದುಂಡವ್ವ ಬತ್ತಿ ಹೊಸೆಯುವವಳಂತೆ ಬರಿಗೈ ಹೊಸೆಯುತ್ತಾ ಕುಳಿತಳು. ಅಲ್ಲವ್ವನ ಬಾಗಿಲು ಬಡಿದಾಗ ಹೊಸೆಯುವುದನ್ನು ನಿಲ್ಲಿಸಿದಳು. ಗೋಡೆಗೆ ಗೋಡೆ ಹತ್ತಿದ ಮನೆ, ಮಾತು ಸ್ಪಷ್ಟ ಕೇಳಿತು.

"ಹಿಟ್ಟ ಮೊನ್ನೆನ ಕೊಟ್ಟೇನಲ್ಲ."

"ಅದು ಮುಗೀತ್ರಿ ಕಾಕೂ. ಇದು ಬ್ಯಾರೆ."

"ಮನ್ಯಾಗ ಇಲ್ಲ ಈಗ."

"ಇರಲಿ ತಗೋರಿ, ನಾಳೆ ಬರ್ತೇನಿ."

"ನಾಳೇನೂ ಬರಾಕಿ ಏನು?"

"ನಾಡದನೂ ಬರ್ತೇನ್ರಿ. ದವಾಖಾನಿ ಡ್ಯೂಟಿ ಮುಗಿಸಿ ಬರ್ತೇನಿ."

ಆಮೇಲೆ ಡಬ್ಬಿಯ ಮುಚ್ಚಳ ತೆಗೆದ ಸಪ್ಪಳ. ಅಲ್ಲವ್ವನ ಗೊಣಗು: "ಚೀಲ ನೆಟ್ಟಗ ಹಿಡಿಯಬೇ, ಚೆಲ್ಲತೈತಿ."

ಹೊತ್ತು ಇಳಿಯುವಾಗ ಫಿಲೋಮಿನಾ ದುಂಡವ್ವನ ಬಾಗಿಲಿಗೆ ಬಂದಳು. ರೆಪ್ಪೆಯ ಮೇಲೂ ಹಿಟ್ಟು. ಮೂರು ಮನೆ ಬಾಗಿಲು ತೆರೆಯಲಿಲ್ಲ ಅಂದಳು. ಒಂದು ಮನೆಯಲ್ಲಿ ಚೀಲ ಕೆಳಗೆ ಇಡಿಸಿ, ಆಮೇಲೆ ಹಾಕಿದರು ಅಂದಳು. ಉಳಿದವರು ಹಾಕಿದರು. ಅವಳ ದನಿಯಲ್ಲಿ ಖುಷಿ ಇರಲಿಲ್ಲ, ಸಿಟ್ಟೂ ಇರಲಿಲ್ಲ, ದಣಿವು ಇತ್ತು.

"ಊಟಕ್ಕ ಬರ್ತೀರಿಲ್ಲ?" ಕೇಳಿದಳು ದುಂಡವ್ವ.

"ಬರ್ತೇವ್ರಿ. ಮೂರ ಮನ್ಯಾರ ಸಲುವಾಗಿ ಉಳದವರನ್ನ ಯಾಕ ಬಿಡಬೇಕು? ಆದ್ರ ಆ ಮೂರ ಮನಿಗೆ ಬರೂ ವರ್ಷನೂ ನಾನ ಹೋಗಾಕಿ." ಚೀಲದ ಬಾಯಿ ಅಗಲ ಮಾಡಿದಳು. "ಈಗ ನಿಮ್ಮದ ಹಾಕ್ರಿ."

ದುಂಡವ್ವ ಒಳಗೆ ಹೋದಳು. ಡಬ್ಬಿ ತೆರೆದು ನಿಂತಳು. ಎಲ್ಲರಿಂದ ಇಸಿದುಕೊಂಡವಳು, ತನ್ನ ಪಾಲನ್ನು ಯಾವಾಗಲೂ ಚೀಲದ ತಳಕ್ಕೆ ತಾನೇ ಸುರುವಿಕೊಂಡು ಹೊರಟವಳು. ಬಾಗಿಲಲ್ಲಿ ನಿಂತವರ ಕೈಗೆ ಎಂದೂ ಹಾಕಿದವಳಲ್ಲ. ಸೇರು ತುಂಬಿ ತಂದು, ಫಿಲೋಮಿನಾಳ ಮುಖ ನೋಡುತ್ತಾ ಮೆಲ್ಲಗೆ ಸುರುವಿದಳು.

"ನುಚ್ಚ ಬೆರಸೀರೇನ್ರಿ ಆಯಿ?" ಅಂದಳು ಫಿಲೋಮಿನಾ, ಹಿಟ್ಟಿಗೆ ಬೆರಳು ಅದ್ದಿ ನೋಡುತ್ತಾ.

"ನೋಡ್ಕೋ" ಅಂದಳು ದುಂಡವ್ವ.